ಫಸಲಿ ೧೩೪೧

ಶಾಲೆಯ ಗುಮಾಸ್ತ ಹೇಮಪ್ಪ ಕಾಗದವನ್ನು ಮೊದಲು ನೇರವಾಗಿ ಹಿಡಿದು ನೋಡಿದ. ಆಮೇಲೆ ತಿರುವಿ ಹಿಡಿದು ನೋಡಿದ. ಎರಡು ಕಡೆಯಿಂದಲೂ ಅದು ಅವನಿಗೆ ಒಂದೇ ಥರ ಕಂಡಿತು. ಕನ್ನಡಕವನ್ನು ಹಣೆಗೇರಿಸಿ, ಮೇಜಿನ ಆಚೆ ನಿಂತಿದ್ದ ಹುಡುಗಿಯನ್ನು ನೋಡಿ, “ಇದರಾಗ ನೀ ಹುಟ್ಟಿದ ತಾರೀಖು ಎಲ್ಲೈತವಾ?” ಎಂದು ಕೇಳಿದ.

ಯಮುನಾ ಕಾಗದವನ್ನು ಸರಿಯಾಗಿ ತಿರುಗಿಸಿಟ್ಟಳು. ಬಲಗಡೆಯಿಂದ ಬೆರಳಿಟ್ಟು ಓದಿದಳು. “ಏಳನೇ ಖುರ್ದಾದ, ಸಾವಿರದ ಮುನ್ನೂರಾ ನಲವತ್ತೊಂದು ಫಸಲಿ.”

“ಸಾವಿರದ ಮುನ್ನೂರಾ ನಲವತ್ತೊಂದು,” ಎಂದು ಹೇಮಪ್ಪ ಬೆರಳು ಮಡಚಿ ಎಣಿಸಿದ. “ಈಗ ನಡದದ್ದು ಹತ್ತೊಂಬತ್ತು ನೂರಾ ನಲವತ್ತೊಂಬತ್ತು. ಅಂದ್ರ ನಿನಗ ಆರನೂರಾ ಎಂಟು ವರ್ಷ ಆದುವು. ಇಷ್ಟು ವಯಸ್ಸಾದವರನ್ನ ಶಿಕ್ಷಕಿ ಟ್ರೇನಿಂಗಿಗೆ ತಗೋತಾರೋ ಇಲ್ಲೋ, ಧಾರವಾಡಕ್ಕ ಬರದು ಕೇಳಬೇಕು.”

ಒಳಗಿನ ಕೋಣೆಯಿಂದ ನಗು ಕೇಳಿಸಿತು. ಹೆಣ್ಣುಮಕ್ಕಳ ಶಾಲೆಯ ಹೆಡ್‌ಬಾಯಿ ತಾರಾಬಾಯಿ ಬಾಗಿಲಿಗೆ ಬಂದರು. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಹಟ ಹಿಡಿದು ಓದಿ, ಗದಗಿನಲ್ಲಿ ಇಪ್ಪತ್ತು ವರ್ಷ ಕಲಿಸಿದ ಹೆಂಗಸು. ಅವರು ನಗುವುದು ಅಪರೂಪ.

“ಅದು ಮೊಗಲಾಯಿ ಲೆಕ್ಕ, ಹೇಮಪ್ಪ. ನಿಜಾಮರ ಕಡೆ ವರ್ಷಾನೂ ಬ್ಯಾರೆ, ತಿಂಗಳಾನೂ ಬ್ಯಾರೆ.”

“ಅದಕ್ಕ ಐನೂರಾ ತೊಂಬತ್ತೊಂದು ಕೂಡಿಸಬೇಕ್ರಿ, ಬಾಯಾರ,” ಎಂದಳು ಯಮುನಾ. “ಹತ್ತೊಂಬತ್ತು ನೂರಾ ಮೂವತ್ತೆರಡು ಆಗ್ತದ. ಏಪ್ರಿಲ್.”

“ಅಂದ್ರ ಹದಿನೇಳು ತುಂಬಿ ಹದಿನೆಂಟರಾಗ ಬಿದ್ದಿ. ಛೊಲೋ ಆತು. ಜೂನ್ ಒಂದಕ್ಕ ಹದಿನೇಳು ತುಂಬಿರಬೇಕು ಅಂತ ಅವರ ನಿಯಮ. ಆದ್ರ ನಿನ್ನ ಬಾಯಿಮಾತು ನಡಿಯೂದಿಲ್ಲ, ಯಮುನಾ. ಈ ಉರ್ದು ಸಾಲಿ ದಾಖಲೇನ ಕನ್ನಡದಾಗ ಬರಸಿ, ಉರ್ದು ಬಲ್ಲ ದೊಡ್ಡವರ ಸಹಿ ಹಾಕಿಸಿಕೊಂಡು ಬಾ. ಶನಿವಾರ ಅರ್ಜಿಗಳು ಹೋಗ್ತಾವ.”

“ನಮ್ಮ ಅಪ್ಪಾ ಅಲ್ಲೆ ಕುಲಕರ್ಣಿಕಿ ಮಾಡ್ತಿದ್ರು. ಮೂವತ್ತು ವರ್ಷ ಉರ್ದುದಾಗ ದಫ್ತರ ಬರದಾರ್ರಿ.”

“ಹಂಗಾದ್ರ ಚಿಂತಿನಽ ಇಲ್ಲ,” ಎಂದರು ತಾರಾಬಾಯಿ.

ಯಮುನಾ ಬಿಸಿಲಿಗೆ ಬಿದ್ದಳು. ಮೇ ತಿಂಗಳ ಮಧ್ಯಾಹ್ನ, ಬೀದಿನಾಯಿಗಳೂ ಹೊರಗೆ ಬಾರದ ಹೊತ್ತು. ಆದರೂ ಅವಳ ಕಾಲು ಹಗುರವಾಗಿತ್ತು. ಗದಗಿನಿಂದ ಬೆಟಗೇರಿಗೆ ನಡೆದದ್ದೇ ಅವಳಿಗೆ ಗೊತ್ತಾಗಲಿಲ್ಲ.

ಅವಳು ಈ ಸೀಮೆಗೆ ಬಂದು ಒಂದು ವರ್ಷದ ಮೇಲೆ ಎರಡು ತಿಂಗಳಾಗಿತ್ತು. ಹುಲಗೇರಿ ಎಂಬುದು ಯಲಬುರ್ಗಿ ಕಡೆಯ ಹಳ್ಳಿ. ಮುಂಡರಗಿಗೆ ಒಂದು ದಿನದ ಬಂಡಿ ದಾರಿ. ಆದರೆ ನಡುವೆ ಗಡಿಯ ನಾಕಾ ಇತ್ತು. ನಾಕಾದ ಈಚೆ ಸ್ವಾತಂತ್ರ್ಯ ಬಂದಿತ್ತು, ಆಚೆ ಬಂದಿರಲಿಲ್ಲ. ರಜಾಕಾರರು ಪಕ್ಕದ ಹಳ್ಳಿಗೆ ಬೆಂಕಿ ಹಾಕಿದ ಮರುದಿನ ಅವಳ ತಂದೆ ಮಾರ್ತಾಂಡರಾಯರು ಹೆಂಡತಿಯನ್ನೂ ಮಗಳನ್ನೂ ಬಂಡಿಯಲ್ಲಿ ಕೂಡಿಸಿ ಮುಂಡರಗಿ ಸೇರಿದ್ದರು. ಅಲ್ಲಿ ನಿರಾಶ್ರಿತರ ಚಪ್ಪರದಲ್ಲಿ ಒಂದು ತಿಂಗಳು ಕಳೆದ ಮೇಲೆ, ಬೆಟಗೇರಿಯಲ್ಲಿದ್ದ ಹೆಂಡತಿಯ ಅಣ್ಣ ಬಂದು ಕರೆದುಕೊಂಡು ಹೋದ. ಪೋಲೀಸ್ ಕಾರ್ಯಾಚರಣೆ ಮುಗಿದು ನಿಜಾಮರ ಆಳ್ವಿಕೆ ಹೋದಾಗ, ರಾಯರು ಊರಿಗೆ ಒಬ್ಬರೇ ಹೋಗಿ ನೋಡಿ ಬಂದರು. ಮನೆ ಇರಲಿಲ್ಲ, ದಫ್ತರ ಇರಲಿಲ್ಲ, ಕುಲಕರ್ಣಿಕಿ ಬೇರೆಯವರ ಕೈಗೆ ಹೋಗಿತ್ತು. ನಿಜಾಮನ ನೌಕರಿ ಮಾಡಿದವನೆಂದು ಊರವರು ಮುಖ ತಿರುಗಿಸಿದರಂತೆ. ನೀರು ಕೊಡಲಿಕ್ಕೂ ಯಾರೂ ಮುಂದೆ ಬರಲಿಲ್ಲವೆಂದು ಅವರು ಒಮ್ಮೆ ಹೇಳಿದರು, ಆಮೇಲೆ ಆ ವಿಷಯ ಎತ್ತಲಿಲ್ಲ.

ಈಚೆಗೆ ಬಂದ ಮೇಲೆ ಯಮುನಾಳಿಗೆ ಗೊತ್ತಾದದ್ದು, ತಾನು ಕನ್ನಡದಲ್ಲಿ ಅನಕ್ಷರಸ್ಥೆ ಎಂಬುದು. ಮನೆಯ ಮಾತು ಕನ್ನಡ, ಶಾಲೆಯ ಅಕ್ಷರ ಉರ್ದು. ಅಲ್ಲಿ ಎಲ್ಲರದೂ ಅದೇ ಪಾಡು, ಯಾರೂ ಅದನ್ನು ಕೊರತೆ ಎಂದು ತಿಳಿದಿರಲಿಲ್ಲ. ಮಾವನ ಮಕ್ಕಳು “ಮೊಗಲಾಯಿ ಅಕ್ಕ” ಎಂದು ಚೇಷ್ಟೆ ಮಾಡಿದರು. ಅವಳು ಅವರ ಪುಸ್ತಕಗಳನ್ನೇ ಕೇಳಿ ಪಡೆದು, ಅವರ ಪಕ್ಕದಲ್ಲೇ ಕುಳಿತು ‘ಅ’ ತಿದ್ದಿದಳು. ಆರು ತಿಂಗಳಲ್ಲಿ ಆ ಮಕ್ಕಳನ್ನು ಹಿಂದೆ ಹಾಕಿದಳು. ಮರುವರ್ಷ ಹೊರಗಿನಿಂದ ಏಳನೇ ತರಗತಿಯ ಮುಲ್ಕಿ ಪರೀಕ್ಷೆಗೆ ಕಟ್ಟಿ, ಗದಗಿನ ಕೇಂದ್ರಕ್ಕೇ ಎರಡನೆಯವಳಾಗಿ ಪಾಸಾದಳು. ಬರೆಯುವಾಗ ಅವಳ ಕನ್ನಡ ಅಕ್ಷರಗಳು ಎಡಕ್ಕೆ ವಾಲುತ್ತಿದ್ದವು, ಅಷ್ಟೇ.

“ನಾಳೆ ಎಲ್ಲಾ ಕಡೆ ಕನ್ನಡ ಒಂದಾಗ್ತದ, ಏಕೀಕರಣ ಆಗ್ತದ ಅಂತ ಎಲ್ಲಾರೂ ಭಾಷಣಾ ಮಾಡ್ತಾರ,” ಎಂದು ತಾರಾಬಾಯಿ ಫಲಿತಾಂಶದ ದಿನ ಹೇಳಿದ್ದರು. “ನಿಮ್ಮ ಕಡೆ ಹುಡುಗ್ಯಾರಿಗೆ ಕನ್ನಡಾ ಕಲಸಾವರು ಯಾರು? ನಮ್ಮವರು ಹೋಗೂದಿಲ್ಲ. ಹೋದ್ರೂ ಅವರ ಕಷ್ಟ ತಿಳಿಯೂದಿಲ್ಲ. ನೀ ಹೋಗಬೇಕು.”

ಆ ಮಾತು ಯಮುನಾಳ ಎದೆಯಲ್ಲಿ ಕೂತುಬಿಟ್ಟಿತ್ತು. ಯಲಬುರ್ಗಿಯಲ್ಲಿ ಒಂದು ಶಾಲೆ, ಒಂದು ಕರೀ ಹಲಗೆ, ಅದರ ಮೇಲೆ ತಾನು ಬರೆದ ‘ಅ’. ಅದಕ್ಕಿಂತ ದೊಡ್ಡದನ್ನು ಅವಳು ಬಯಸಿರಲಿಲ್ಲ. ಅಷ್ಟನ್ನಂತೂ ಹಸಿದವರು ಅನ್ನ ಬಯಸುವ ಹಾಗೆ ಬಯಸಿದ್ದಳು.

ಮಾವನ ಮನೆಯ ಹಿತ್ತಲಿಗೆ ಅಂಟಿಕೊಂಡ ಒಂದು ಪಡಸಾಲೆ ಅವರ ಪಾಲಿಗೆ ಬಂದಿತ್ತು. ಮೊದಲು ಅಲ್ಲಿ ದನಗಳ ಹಿಂಡಿ ಇಡುತ್ತಿದ್ದರು. ಸಾರಿಸಿದರೂ ವಾಸನೆ ಹೋಗಿರಲಿಲ್ಲ. ಮಾರ್ತಾಂಡರಾಯರು ಕಾಗದವನ್ನು ತೆಗೆದುಕೊಂಡು, ಬಹಳ ಹೊತ್ತು ನೋಡಿ, “ನಾಳೆ ಬರದು ಕೊಡ್ತೀನಿ” ಎಂದರು. ಮರುದಿನ ಕೇಳಿದಾಗ ಮಸಿ ಸರಿ ಇಲ್ಲ ಎಂದರು. ಹತ್ತು ಹಳ್ಳಿಯ ಪಹಣಿಯನ್ನು ಎರಡು ದಿನದಲ್ಲಿ ಬರೆದು ಮುಗಿಸುತ್ತಿದ್ದ ಮನುಷ್ಯ ಎಂಟು ಸಾಲಿಗೆ ಮೂರು ದಿನ ತೆಗೆದುಕೊಂಡರು. ಗುರುವಾರ ಸಂಜೆ, ದೀಪ ಹಚ್ಚುವ ಮುಂಚೆ, ಮಡಚಿದ ಕಾಗದವನ್ನು ಅವಳ ಕೈಗಿಟ್ಟರು.

ಬರಹ ಮುತ್ತಿನಂತಿತ್ತು. ಹೆಸರು, ತಂದೆಯ ಹೆಸರು, ಊರು, ಓದಿದ ತರಗತಿ, ಎಲ್ಲ ಸರಿ. ಆಮೇಲೆ: ಜನನ, ಏಳನೇ ಖುರ್ದಾದ, ಫಸಲಿ ೧೩೪೩, ಇಂಗ್ಲಿಷ್ ಲೆಕ್ಕಕ್ಕೆ ೧೯೩೪ನೇ ಇಸವಿ, ಏಪ್ರಿಲ್. ಕೆಳಗೆ ಸಹಿ.

“ಅಪ್ಪಾ, ಇಲ್ಲೆ ಮೂರು ಬರದೀರಿ. ಒಂದು ಆಗಬೇಕು.”

ಮಾರ್ತಾಂಡರಾಯರು ದೌತಿಯ ಮುಚ್ಚಳ ಹಾಕಿದರು. “ಗೊತ್ತದ,” ಎಂದರು.

ಅವಳಿಗೆ ತಕ್ಷಣ ತಿಳಿಯಲಿಲ್ಲ. ತಂದೆಯ ಮುಖ ನೋಡಿದಳು. ಅವರು ಗೋಡೆ ನೋಡುತ್ತಿದ್ದರು. ಬಾಗಿಲ ಹತ್ತಿರ ಅಕ್ಕಿ ಆರಿಸುತ್ತಿದ್ದ ತಾಯಿ ಸರಸ್ವತಿಬಾಯಿಯೇ ಮೊರ ಕೆಳಗಿಟ್ಟು ಮಾತಾಡಿದಳು.

“ಸಂಕ್ರಮಣದಾಗ ಲಕ್ಷ್ಮೇಶ್ವರದವರು ನೋಡಿ ಹೋದ್ರಲ್ಲ, ಅವರು ಹೂಂ ಅಂದಾರ. ಹುಡುಗ ರಾಘವೇಂದ್ರ, ಗುಡಿ ಪೂಜಿ ಅವರ ಮನಿತನದ್ದು. ಅವರ ಅಜ್ಜಿ ಹುಡುಗಿಗೆ ಹದಿನಾರು ದಾಟಿರಬಾರದು ಅಂದಳು. ಅದಕ್ಕ ನಾವು ನಿನ್ನ ಜಾತಕ ಬ್ಯಾರೆ ಬರಸಿ ಕೊಟ್ಟೇವಿ. ಆಂಗೀರಸ ಸಂವತ್ಸರ ಇದ್ದದ್ದು ಭಾವ ಸಂವತ್ಸರ ಆತು. ಎರಡಽ ವರ್ಷ, ಯಮುನಾ. ಊರಾಗ ಯಾರು ಮಾಡೂದಿಲ್ಲ?”

“ನನ್ನ ಒಂದು ಮಾತು ಕೇಳಲಿಲ್ಲ.”

“ಕೇಳಿದ್ರ ನೀ ಬ್ಯಾಡಂತಿದ್ದಿ.”

“ಹಂಗಾದ್ರ ಈ ಅರ್ಜಿ ಯಾಕ ಕೊಡಸಿದ್ರಿ? ಮೊದಲಽ ಬ್ಯಾಡಂತ ಹೇಳಬೇಕಿತ್ತು.”

ತಾಯಿ ಗಂಡನ ಕಡೆ ನೋಡಿದಳು. ಉತ್ತರ ತಂದೆಯ ಹತ್ತಿರ ಇತ್ತು. ಆದರೆ ಆ ಉತ್ತರವನ್ನು ಯಾವ ತಂದೆಯೂ ಮಗಳಿಗೆ ಹೇಳಲಾರ. ಮಗಳು ಪಾಸಾದ ದಿನ ಬೀದಿಯಲ್ಲಿ ಎದುರಾದವರಿಗೆಲ್ಲ ಹೇಳಿಕೊಂಡು ತಿರುಗಿದ ಮನುಷ್ಯ ಅವರು. ಬೇಡ ಎಂದು ಅವಳ ಮುಖಕ್ಕೆ ಹೇಳುವ ಧೈರ್ಯ ಅವರಿಗೆ ಬಂದಿರಲಿಲ್ಲ. ವಯಸ್ಸು ಸಾಲದೆಂದು ಅರ್ಜಿ ತಿರುಗಿ ಬಂದರೆ ಅದು ಸರ್ಕಾರದ ಕೆಲಸ, ಯಾರ ತಪ್ಪೂ ಅಲ್ಲ, ಹುಡುಗಿಯ ಮನಸ್ಸು ತಾನೇ ಇಳಿಯುತ್ತದೆ ಎಂದುಕೊಂಡಿದ್ದರು. ಮಗಳಿಗೂ ಉರ್ದು ಬರುತ್ತದೆ ಎಂಬುದನ್ನು ಅವರು ಮರೆತಿರಲಿಲ್ಲ. ಅವಳು ಓದಿ ಸುಮ್ಮನಿರಲಿ ಎಂದು ಆಸೆಪಟ್ಟಿದ್ದರು.

“ಹುಡುಗನ ಕಾಕಾ ಸ್ವಾಮಿರಾವ್, ಗದಗಿನ ಸಾಲಿ ಬೋರ್ಡಿನ್ಯಾಗ ಇದ್ದಾರ,” ಎಂದರು ಕೊನೆಗೆ. “ಎಲ್ಲಾ ಅರ್ಜಿ ಅವರ ಕೈಯಾಗ ಹಾದು ಹೋಗ್ತಾವ. ಅಲ್ಲೆ ಹದಿನೇಳು ಅಂತ ಕಂಡ್ರ ನಾ ಸುಳ್ಳ ಜಾತಕ ಕೊಟ್ಟಾಂವ ಆಗ್ತೀನಿ.”

“ಮೂವತ್ತು ವರ್ಷ ಒಂದು ಅಂಕಿ ತಿದ್ದಿಲ್ಲ ಅಂತಿದ್ರಿ.”

“ತಿದ್ದಿರಲಿಲ್ಲ.”

ಸರಸ್ವತಿಬಾಯಿ ಎದ್ದು ಬಂದು ಮಗಳ ಮುಂದೆ ಕುಳಿತಳು. ದನಿ ತಗ್ಗಿಸಿದಳು, ಒಳಮನೆಯಲ್ಲಿ ಅತ್ತಿಗೆ ಇದ್ದಳು. “ಗುಡಿ ಆವಾರದಾಗ ನಮಗ ಎರಡು ಖೋಲಿ ಕೊಡ್ತಾರ. ನಿಮ್ಮ ಅಪ್ಪಗ ಪಾಠಶಾಲಿ ಹುಡುಗರಿಗೆ ಕಲಸೋ ಕೆಲಸ ಕೊಡ್ತಾರ. ನೋಡು, ನಾ ಈ ಮನ್ಯಾಗ ಎಲ್ಲಾರೂ ಉಂಡ ಮ್ಯಾಲ ಉಣ್ಣಾಕಿ. ಮಜ್ಜಿಗಿ ಬೇಕಾದ್ರ ಕೇಳಬೇಕು. ಇವತ್ತಿಗೆ ಹದಿಮೂರು ತಿಂಗಳಾತು. ನನಗ ಒಂದು ಒಲಿ ಬೇಕು, ಯಮುನಾ. ನಂದು ಅನ್ನೋ ಒಂದು ಒಲಿ. ಮತ್ತೇನೂ ಬ್ಯಾಡ.”

ಯಮುನಾಳಿಗೆ ಸಿಟ್ಟು ಬಂದಿತ್ತು. ಆದರೆ ಈ ಮಾತಿನ ಮುಂದೆ ಸಿಟ್ಟನ್ನು ಎಲ್ಲಿ ಇಡಬೇಕೋ ತಿಳಿಯಲಿಲ್ಲ. ಅವಳು ಎದ್ದು ಮೊರವನ್ನು ತೆಗೆದುಕೊಂಡು, ಉಳಿದ ಅಕ್ಕಿಯನ್ನು ಆರಿಸಿ ಮುಗಿಸಿದಳು.

ಶುಕ್ರವಾರ ಬೆಳಿಗ್ಗೆ ಅವಳು ನಿಜಾಮುದ್ದೀನ ಮಾಸ್ತರರ ಮನೆಗೆ ಹೋದಳು. ಬೆಟಗೇರಿಯಲ್ಲಿ, ನೇಕಾರರ ಓಣಿಯ ಕೊನೆಗೆ ಅವರ ಮನೆ. ಉರ್ದು ಶಾಲೆಯಲ್ಲಿ ಕಲಿಸಿ ನಿವೃತ್ತರಾದ ಮೇಲೆ ಮಾಸ್ತರರು ಪುಸ್ತಕಗಳಿಗೆ ಹೊಲಿಗೆ ಹಾಕಿ ರಟ್ಟು ಕಟ್ಟುತ್ತಿದ್ದರು. ರಜಾಕಾರರ ಗಲಾಟೆಯ ನಂತರ ಮಾವ ಆ ಓಣಿಯ ಕಡೆ ಹೋಗಬೇಡಿರೆಂದು ಮನೆಯವರಿಗೆಲ್ಲ ಹೇಳಿದ್ದ. ಮಾಸ್ತರರಿಗೂ ಅದು ಗೊತ್ತಿದ್ದಿರಬೇಕು. ಬಾಗಿಲಲ್ಲಿ ಕುಲಕರ್ಣಿಯವರ ಮಗಳನ್ನು ಕಂಡು, ಮೈಮೇಲೆ ಅಂಗಿ ಹಾಕಿಕೊಂಡು ಬಂದರು.

“ಅಮೀನಬಿ, ಚಾಪಿ ಹಾಸು,” ಎಂದು ಹೆಂಡತಿಗೆ ಕೂಗಿ ಹೇಳಿದರು. “ಕುಂಡ್ರವಾ. ಏನು ಬೇಕಾಗಿತ್ತು?”

ಅವಳು ಮೂಲ ಉರ್ದು ಕಾಗದ ಕೊಟ್ಟಳು. ಅವರು ಅದನ್ನು ಕಣ್ಣಿನ ಹತ್ತಿರ ಹಿಡಿದು, ಒಂದೊಂದೇ ಸಾಲನ್ನು ಗಟ್ಟಿಯಾಗಿ ಓದಿದರು. ಉರ್ದು ಓದುವ ದನಿ ಕೇಳಿ ಅವಳಿಗೆ ಹುಲಗೇರಿಯ ಕಟ್ಟೆ ನೆನಪಾಯಿತು. ಅಳು ಬಂದಂತಾಗಿ ತಲೆ ತಗ್ಗಿಸಿದಳು.

“ತೇರಾಸೌ ಇಕತಾಳೀಸ, ಸಾವಿರದ ಮುನ್ನೂರಾ ನಲವತ್ತೊಂದು. ಇದಕ್ಕ ನನ್ನ ಕಡಿ ಬರೂದು ಯಾಕ ಬೇಕಿತ್ತು? ನಿಮ್ಮ ಅಪ್ಪಾರ ಅಕ್ಷರ ನೋಡೇನಿ ನಾನು, ಅಂಚಿ ಕಚೇರಿ ಕಟ್ಟಿಮ್ಯಾಗ. ಅಂಥಾ ಬರಹ ನನಗ ಬರಾಂಗಿಲ್ಲ.”

“ಅವರಿಗೆ ಆರಾಮಿಲ್ರಿ,” ಎಂದಳು ಯಮುನಾ.

ಮಾಸ್ತರರು ಅವಳನ್ನು ಒಮ್ಮೆ ನೋಡಿದರು. ಕನ್ನಡದಲ್ಲಿ ನಿಧಾನವಾಗಿ ಬರೆದರು, ಫಸಲಿ ೧೩೪೧ ಎಂದು ಬರೆದು, ಪಕ್ಕದಲ್ಲಿ ೧೯೩೨ ಎಂದು ಬರೆದು, ತಮ್ಮ ಹೆಸರು, ಹುದ್ದೆ, ಶಾಲೆ ಎಲ್ಲ ನಮೂದಿಸಿ ಸಹಿ ಮಾಡಿದರು. ಒಣಗಲೆಂದು ಮಸಿಯ ಮೇಲೆ ಉಸುಕು ಉದುರಿಸಿ, ಊದಿ ಕೊಟ್ಟರು.

“ಇದ್ದದ್ದು ಇದ್ದಂಗ ಬರದೇನಿ, ಬೇಟಿ. ಇನ್ನ ಕೊಡೂದು ಬಿಡೂದು ನಿಂದು.”

ಶನಿವಾರ ಎರಡೂ ಕಾಗದಗಳನ್ನು ಒಂದೇ ಪುಸ್ತಕದಲ್ಲಿಟ್ಟುಕೊಂಡು ಯಮುನಾ ಹೊರಟಳು. ತಂದೆಯದನ್ನು ಯಾಕೆ ಇಟ್ಟುಕೊಂಡೆ ಎಂದು ಯಾರಾದರೂ ಕೇಳಿದ್ದರೆ ಅವಳು ಹೇಳುತ್ತಿರಲಿಲ್ಲ. ದಾರಿಯುದ್ದಕ್ಕೂ ಅವಳ ಲೆಕ್ಕ ಸರಳವಾಗಿತ್ತು: ಮಾಸ್ತರರ ಕಾಗದ ಕೊಡುವುದು, ಧಾರವಾಡಕ್ಕೆ ಹೋಗುವುದು, ಎರಡು ವರ್ಷದ ಮೇಲೆ ನೌಕರಿ ಹಿಡಿದು ತಾಯಿಗೆ ತಾನೇ ಒಲೆ ಹಾಕಿಕೊಡುವುದು. ಜಾತಕದ ಸುಳ್ಳು ಹೊರಬಿದ್ದರೆ ನಾಲ್ಕು ದಿನ ಮಾತು, ಆಮೇಲೆ ಮರೆಯುತ್ತಾರೆ. ಹೀಗೆ ಗಟ್ಟಿ ಮಾಡಿಕೊಂಡು ಶಾಲೆಯ ಮೆಟ್ಟಿಲು ಹತ್ತಿದಾಗ, ಒಳಗೆ ತಂದೆ ನಿಂತಿದ್ದರು.

ಮಾರ್ತಾಂಡರಾಯರು ಅವಳಿಗಿಂತ ಮೊದಲೇ ಬಂದಿದ್ದರು. ಕರೀ ಟೊಪ್ಪಿಗೆ ಹಾಕಿಕೊಂಡಿದ್ದರು. ಕೋಟಿನ ಗುಂಡಿಗಳನ್ನು ಕೊರಳ ತನಕ ಹಾಕಿದ್ದರು. ತಾರಾಬಾಯಿಯವರ ಎದುರಿನ ಬೆಂಚಿನ ಮೇಲೆ ಕುಳಿತು ಅಡಕೆ ಕತ್ತರಿಸುತ್ತಿದ್ದವರು ಸ್ವಾಮಿರಾವ್. ಒಳ್ಳೆಯ ಮನುಷ್ಯ, ನಗುಮುಖ, ಮಾತು ಜಾಸ್ತಿ. ಅರ್ಜಿಗಳನ್ನು ಒಯ್ಯಲು ತಾವೇ ಬಂದಿದ್ದರು.

“ಇವಳೇನು ನಮ್ಮ ಹುಡುಗಿ?” ಎಂದರು ಅವರು. “ಕುಲಕರ್ಣ್ಯಾರ, ಟ್ರೇನಿಂಗಿಗೆ ಅರ್ಜಿ ಹಾಕ್ಯಾಳಂತ ನನಗ ಒಂದು ಮಾತು ಹೇಳಲಿಲ್ಲಲ್ರಿ. ಇರಲಿ, ಓದಿದ ಹುಡುಗಿ ಛೊಲೋನ. ಆದ್ರ ಹದಿನೈದರ ಹುಡುಗಿಗೆ ಟ್ರೇನಿಂಗ್ ಯಾರು ಕೊಡ್ತಾರ? ವಯಸ್ಸಿನ ನಿಯಮ ಅದ ಅಲ್ಲ, ಬಾಯಾರ?”

ತಾರಾಬಾಯಿ ಅರ್ಜಿಯಿಂದ ತಲೆ ಎತ್ತಿದರು. “ಹದಿನೈದು ಅಂತ ಯಾರಂದ್ರು?”

“ಜಾತಕ ನಮ್ಮ ಮನ್ಯಾಗ ಅದ. ಭಾವ ಸಂವತ್ಸರ. ನಾನಽ ಕುಂಡಲಿ ಕೂಡಿಸಿ ನೋಡೀನಿ.” ಸ್ವಾಮಿರಾಯರು ಅಡಕೊತ್ತನ್ನು ಕೆಳಗಿಟ್ಟರು. ನಗುಮುಖ ಹಾಗೆಯೇ ಇತ್ತು. ಆದರೆ ಕಣ್ಣು ಮಾರ್ತಾಂಡರಾಯರ ಕಡೆ ಹೊರಳಿತು. “ಕೂಡ್ರಿ, ಕುಲಕರ್ಣ್ಯಾರ. ಆಗಿನಿಂದ ನಿಂತೇ ಇದ್ದೀರಿ.”

ಮಾರ್ತಾಂಡರಾಯರು ಕೂಡಲಿಲ್ಲ. ಹುಲಗೇರಿಯಲ್ಲಿ ಅವರು ಯಾರ ಅಂಗಳಕ್ಕೆ ಕಾಲಿಟ್ಟರೂ ಕಂಬಳಿ ಹಾಸುತ್ತಿದ್ದರು; ತಹಶೀಲದಾರನೂ ಅವರು ಬರುವ ತನಕ ದಫ್ತರ ಬಿಚ್ಚುತ್ತಿರಲಿಲ್ಲ. ಈಗ ಟೊಪ್ಪಿಗೆಯ ಅಂಚಿನಿಂದ ಬೆವರು ಇಳಿದು ಕಿವಿಯ ಹಿಂದೆ ಹೋಗುತ್ತಿತ್ತು. ಅದನ್ನು ಒರೆಸಿಕೊಳ್ಳಲೂ ಅವರಿಗೆ ಕೈ ಏಳುತ್ತಿರಲಿಲ್ಲ. ಅವರು ಮಗಳ ಕಡೆ ನೋಡಲಿಲ್ಲ. ನೋಡಿದ್ದರೆ, ಕಣ್ಣಲ್ಲೇ ಬೇಡಿಕೊಂಡಿದ್ದರೆ, ಯಮುನಾಳಿಗೆ ಕೆಲಸ ಸುಲಭವಾಗುತ್ತಿತ್ತು. ಸಿಟ್ಟಿನಿಂದಲಾದರೂ ಸರಿಯಾದ ಕಾಗದ ಕೊಡುತ್ತಿದ್ದಳು. ಅವರು ನೆಲ ನೋಡುತ್ತ, ಆಗುವುದು ಆಗಲಿ ಎಂದು ನಿಂತಿದ್ದರು.

“ಯಮುನಾ, ಕಾಗದ ಕೊಡು,” ಎಂದರು ತಾರಾಬಾಯಿ.

ಅವಳು ಪುಸ್ತಕವನ್ನು ಮೇಜಿನ ಮೇಲಿಟ್ಟು ತೆರೆದಳು. ಎರಡು ಮಡಿಕೆಗಳು. ಯಾವುದು ಯಾವುದೆಂದು ಬೆರಳಿಗೆ ಗೊತ್ತಿತ್ತು. ಮಾಸ್ತರರದು ಒರಟು ಕಾಗದ, ತಂದೆಯದು ನಯ. ನಯವಾದದ್ದನ್ನು ತೆಗೆದು ತಾರಾಬಾಯಿಯವರ ಮುಂದಿಟ್ಟಳು.

ತಾರಾಬಾಯಿ ಓದಿದರು. ಒಮ್ಮೆ ಓದಿ, ಮತ್ತೊಮ್ಮೆ ಓದಿದರು. ಪುಸ್ತಕದಿಂದ ಹೊರಗೆ ಇಣುಕುತ್ತಿದ್ದ ಇನ್ನೊಂದು ಕಾಗದದ ಅಂಚು ಅವರ ಕಣ್ಣಿಗೆ ಬೀಳದೆ ಇರಲಿಲ್ಲ.

“ಮೊನ್ನೆ ನೀನ ನನಗ ಓದಿ ಹೇಳಿದಿ,” ಎಂದರು. “ಬಾಯಿಲೆ ಹೇಳು. ನಿನಗ ವಯಸ್ಸೆಷ್ಟು?”

ಹೇಮಪ್ಪ ಹೊರಗಿನಿಂದ ಏನೋ ತಂದವನು ಬಾಗಿಲಲ್ಲೇ ನಿಂತ. ಸ್ವಾಮಿರಾಯರು ಅಡಕೆಯನ್ನು ಬಾಯಿಗೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದಿದ್ದರು. ತಾಯಿಯ ಮಾತು ಯಮುನಾಳಿಗೆ ನೆನಪಾಗಲಿಲ್ಲ, ಯಲಬುರ್ಗಿಯ ಶಾಲೆಯೂ ನೆನಪಾಗಲಿಲ್ಲ. ತಂದೆಯ ಕಿವಿಯ ಹಿಂದಿನ ಬೆವರೊಂದೇ ಕಂಡಿತು.

“ಹದಿನೈದ್ರಿ,” ಎಂದಳು. “ಮೊನ್ನೆ ಕೂಡಸೂದ್ರಾಗ ತಪ್ಪಾತು.”

ಕುಲಕರ್ಣಿ ಮಾರ್ತಾಂಡರಾಯರ ಮಗಳು, ಗದಗಿನ ಕೇಂದ್ರಕ್ಕೆ ಎರಡನೆಯವಳು, ಕೂಡಿಸುವುದರಲ್ಲಿ ತಪ್ಪು ಮಾಡಿದಳೆಂಬುದನ್ನು ಆ ಕೋಣೆಯಲ್ಲಿ ನಂಬಿದವರು ಸ್ವಾಮಿರಾಯರೊಬ್ಬರೇ. ಅವರು ನಕ್ಕು, “ಅಲ್ಲಿ ಲೆಕ್ಕನಽ ಹಂಗ, ಪಾಪ” ಎಂದು ಅಡಕೆ ಬಾಯಿಗೆ ಹಾಕಿಕೊಂಡರು.

ತಾರಾಬಾಯಿ ಕೆಂಪು ಮಸಿಯ ಟಾಕು ತೆಗೆದು, ಅರ್ಜಿಯ ಮೇಲೆ ‘ವಯಸ್ಸು ಸಾಲದು’ ಎಂದು ಬರೆದು ಸಹಿ ಹಾಕಿದರು. ಪುಸ್ತಕವನ್ನು ಮುಚ್ಚಿ, ತಾವೇ ಎದ್ದು ಅವಳ ಕೈಗೆ ಕೊಟ್ಟರು.

“ಎರಡು ವರ್ಷ ಬಿಟ್ಟು ಬಾ, ಯಮುನಾ,” ಎಂದರು. ಅವರ ದನಿಯಲ್ಲಿ ಸಿಟ್ಟಿತ್ತೋ ದುಃಖವಿತ್ತೋ, ಇಪ್ಪತ್ತು ವರ್ಷದಿಂದ ಎಷ್ಟು ಹುಡುಗಿಯರಿಗೆ ಅದೇ ಮಾತು ಹೇಳಿದ್ದರೋ, ಯಾರಿಗೆ ಗೊತ್ತು. ಎರಡು ವರ್ಷದಲ್ಲಿ ಅವಳ ಸೊಂಟದ ಮೇಲೊಂದು ಕೂಸಿರುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು.

“ಜ್ಯೇಷ್ಠದಾಗ ಒಂದು ಛೊಲೋ ಮುಹೂರ್ತ ಅದ,” ಎಂದು ಸ್ವಾಮಿರಾಯರು ಅರ್ಜಿಗಳ ಕಟ್ಟು ಕಟ್ಟುತ್ತ ಹೇಳಿದರು. “ನಾಡದ ಲಕ್ಷ್ಮೇಶ್ವರಕ್ಕ ಹೊಂಟೀನಿ. ಅಣ್ಣಗ ಹೇಳ್ತೀನಿ. ನೀವು ಆ ಖೋಲಿಗೋಳನ್ನ ಒಮ್ಮೆ ಬಂದು ನೋಡಿಬಿಡ್ರಿ, ಕುಲಕರ್ಣ್ಯಾರ. ಸುಣ್ಣಾ ಹಚ್ಚಸೂಣು.”

ತಂದೆ ಮಗಳು ಹೊರಗೆ ಬಂದರು. ಬಜಾರ ದಾಟಿದರು. ಹತ್ತಿಯ ಗಾಡಿಗಳು ಸ್ಟೇಷನ್ನಿನ ಕಡೆ ಸಾಲುಗಟ್ಟಿದ್ದವು. ರೈಲ್ವೆ ಗೇಟು ಹಾಕಿತ್ತು. ಜನ ಕೊಡೆ ಹಿಡಿದು, ಟವೆಲ್ಲು ತಲೆಗೆ ಹಾಕಿ, ಬಿಸಿಲಲ್ಲಿ ನಿಂತಿದ್ದರು. ಇಬ್ಬರೂ ಅವರ ಹಿಂದೆ ಹೋಗಿ ನಿಂತರು.

“ಯಮುನಾ,” ಎಂದರು ಮಾರ್ತಾಂಡರಾಯರು. “ನಿಜಾಮುದ್ದೀನ ಮಾಸ್ತರರ ಕಾಗದ ನಿನ್ನ ಪುಸ್ತಕದಾಗ ಇತ್ತು. ನಿನ್ನೆ ರಾತ್ರಿ ನೋಡಿದೆ.”

“ಹೌದು.”

“ಕೊಟ್ಟಿದ್ರೂ ನಾ ಏನೂ ಅಂತಿರಲಿಲ್ಲ.”

“ಗೊತ್ತದ, ಅಪ್ಪಾ. ಅದಕ್ಕಽ ಕೊಡಲಿಲ್ಲ.”

ಅವರು ಮುಖ ಆಚೆ ತಿರುಗಿಸಿದರು. ದೂರದಲ್ಲಿ ಗಾಡಿ ಸೀಟಿ ಹಾಕಿತು. ಅವಳು ಪುಸ್ತಕವನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಬದಲಿಸಿದಳು.

“ಒಂದು ಕೇಳ್ತೀನಿ. ಸಿಟ್ಟಿನಿಂದ ಕೇಳೂದಿಲ್ಲ. ಆ ಮನ್ಯಾಗ ಕೇಳ್ತಾರ, ಅದಕ್ಕ ತಿಳಕೊಂಡಿರಬೇಕು. ನನ್ನ ವಯಸ್ಸಿನಾಗ ಎರಡು ವರ್ಷ ತಗದ್ರಲ್ಲ, ಯಾವ ಎರಡು ವರ್ಷ ತಗದ್ರಿ?”

ಮಾರ್ತಾಂಡರಾಯರಿಗೆ ಅರ್ಥವಾಗಲಿಲ್ಲ. “ಯಾವ ಅಂದ್ರ?”

“ಎಷ್ಟನೇ ವರ್ಷಕ್ಕ ಸಾಲಿಗೆ ಹೋದಿ ಅಂತಾರ, ಸಿಡುಬು ಯಾವಾಗ ಬಂದಿತ್ತು ಅಂತಾರ. ಎಲ್ಲಾ ಹೊಂದಿಸಿ ಹೇಳಬೇಕಲ್ಲ. ಸಿಡುಬು ಬಂದ ವರ್ಷ ಬಿಡ್ಲೇನು? ನೀವು ಇಪ್ಪತ್ತೊಂದು ದಿನ ಕಚೇರಿಗೆ ಹೋಗದಽ ನನ್ನ ಹಾಸಿಗಿ ಹತ್ರ ಕೂತಿದ್ರಿ. ಇಲ್ಲಾ ನೀವು ಕೈ ಹಿಡಿದು ಹಲಗಿ ಮ್ಯಾಲ ಬರಸಿದ ವರ್ಷ ಬಿಡ್ಲೇನು? ನೀವಽ ಹೇಳ್ರಿ. ನೀವು ಹೇಳಿದ್ದು ಬಿಟ್ಟು ಉಳಿದದ್ದು ಹೇಳ್ತೀನಿ.”

ಅವರು ಬಾಯಿ ತೆರೆದರು. ಅಷ್ಟರಲ್ಲಿ ಸಾಮಾನು ಗಾಡಿ ಬಂತು. ಹತ್ತಿಯ ಅಂಡಿಗೆಗಳನ್ನು ಹೇರಿಕೊಂಡ ಡಬ್ಬಿಗಳು ಒಂದರ ಹಿಂದೆ ಒಂದು ಹೋಗುತ್ತಲೇ ಇದ್ದವು. ನೆಲ ನಡುಗುತ್ತಿತ್ತು. ಆ ಸದ್ದಿನಲ್ಲಿ ಅವರು ಏನಾದರೂ ಹೇಳಿದರೋ ಇಲ್ಲವೋ ಅವಳಿಗೆ ಕೇಳಿಸಲಿಲ್ಲ.

ಗಾಡಿ ಹೋಯಿತು. ಗೇಟು ಮೇಲೆದ್ದಿತು. ಆ ಕಡೆಯ ಜನ ಈ ಕಡೆ, ಈ ಕಡೆಯವರು ಆ ಕಡೆ ನುಗ್ಗಿದರು. ಒಬ್ಬ ಗಾಡಿಯವನು ಎತ್ತುಗಳನ್ನು ಬೈಯುತ್ತ ದಾರಿ ಬಿಡಿ ಎಂದು ಕೂಗುತ್ತಿದ್ದ. ಯಮುನಾ ಹಳಿ ದಾಟಿ ಆ ಕಡೆ ಹೋದ ಮೇಲೆ ಹಿಂದಿರುಗಿ ನೋಡಿದಳು. ತಂದೆ ಗೇಟಿನ ಈಚೆಯೇ ನಿಂತಿದ್ದರು. ಜನ ಅವರನ್ನು ತಾಗಿಕೊಂಡು ಹೋಗುತ್ತಿದ್ದರು. ಅವರ ಬಲಗೈ ಸೊಂಟದ ಹತ್ತಿರ ಇತ್ತು, ಹೆಬ್ಬೆರಳು ಒಂದೊಂದೇ ಬೆರಳಿನ ಗೆಣ್ಣನ್ನು ಮುಟ್ಟುತ್ತ ಹೋಗಿ, ನಡುವೆ ನಿಂತು, ಮತ್ತೆ ಮೊದಲಿನಿಂದ ಶುರುಮಾಡುತ್ತಿತ್ತು.

ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಬಿಸಿಲಲ್ಲಿ ಅವರಿಗಾಗಿ ಕಾದಳು.